ಸೀಸದ ಕಡ್ಡಿ, ದ್ರವ ಹೀಲಿಯಂ, ಒಂದು ಸ್ವಿಚ್: ಅತಿವಾಹಕ ಲೋಹ ಮೆದುವಾಗುವುದನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ದ್ರವ ಹೀಲಿಯಂನಲ್ಲಿ ಮುಳುಗಿರುವ ಸೀಸದ ಕಡ್ಡಿಯನ್ನು ಯಂತ್ರವೊಂದು ಬಹಳ ನಿಧಾನವಾಗಿ ಎಳೆಯುತ್ತಿರುತ್ತದೆ. ಕಡ್ಡಿಯ ಸುತ್ತ ಒಂದು ಸುರುಳಿ, ಸುರುಳಿಯಲ್ಲಿ ಕರೆಂಟು. ಪರದೆಯ ಮೇಲೆ ಲೋಡ್‌ನ, ಅಂದರೆ ಎಳೆಯುವ ಬಲದ, ಗೆರೆ ಸಾವಕಾಶವಾಗಿ ಏರುತ್ತಿರುತ್ತದೆ. ಸುರುಳಿಯ ಕರೆಂಟು ಆರಿಸಿದ ಕ್ಷಣವೇ ಗೆರೆ ಥಟ್ಟನೆ ಒಂದು ಮೆಟ್ಟಿಲು ಕೆಳಗಿಳಿದು, ಅಲ್ಲಿಂದ ಮತ್ತೆ ಏರತೊಡಗುತ್ತದೆ. ಕರೆಂಟು ಕೊಟ್ಟರೆ ಮೆಟ್ಟಿಲು ಮೇಲಕ್ಕೆ, ಆರಿಸಿದರೆ ಕೆಳಕ್ಕೆ. ಹತ್ತು ಸಲ ಮಾಡಿದರೆ ಹತ್ತು ಸಲವೂ ಹೀಗೇ.

ಕಡ್ಡಿ ಅದೇ, ತಾಪಮಾನ ಅದೇ, ಎಳೆಯುವ ವೇಗವೂ ಅದೇ. ಬದಲಾದದ್ದು ಲೋಹದೊಳಗಿನ ಎಲೆಕ್ಟ್ರಾನ್‌ಗಳ ಸ್ಥಿತಿ ಮಾತ್ರ. ಕಾಂತಕ್ಷೇತ್ರ ಇದ್ದಾಗ ಸೀಸ ಸಾಮಾನ್ಯ ಲೋಹ. ಕ್ಷೇತ್ರ ತೆಗೆದರೆ ಅತಿವಾಹಕ, ಅಂದರೆ ಕರೆಂಟಿಗೆ ಯಾವ ತಡೆಯೂ ಒಡ್ಡದ ಲೋಹ. ಅತಿವಾಹಕವಾದಾಗ ಅದು ಸ್ವಲ್ಪ ಮೆದುವಾಗುತ್ತದೆ. ಎಲೆಕ್ಟ್ರಾನ್‌ಗಳ ಸಾಮೂಹಿಕ ನಡವಳಿಕೆಯನ್ನು ತೂಕದ ಅಳತೆಯಲ್ಲಿ, ನ್ಯೂಟನ್‌ಗಳಲ್ಲಿ, ಇಷ್ಟು ನೇರವಾಗಿ ಕಾಣಿಸುವ ಪ್ರಯೋಗ ಅಪರೂಪ. ನನಗೆ ಇದರ ಮೇಲೆ ಮೊದಲಿನಿಂದಲೂ ಮೋಹ.

ದ್ರವ ಹೀಲಿಯಂ ಸಿಗುವ ಲ್ಯಾಬಿನಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಅಥವಾ ಪಿಎಚ್‌ಡಿ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪಿಯುಸಿ ಭೌತಶಾಸ್ತ್ರ ನೆನಪಿರುವ ಯಾರಿಗಾದರೂ ಅರ್ಥವಾಗುತ್ತದೆ. ಮೇಲಿನ ಸಾಲನ್ನು, ಅಂದರೆ ಎಲೆಕ್ಟ್ರಾನ್ ಬಿಟ್ಟು ಬೇರೇನೂ ಬದಲಾಗಿಲ್ಲ ಎಂಬ ಮಾತನ್ನು, ಕೊನೆಯವರೆಗೆ ಕೈಬಿಡಬೇಡಿ. ಮುಂದಿನ ಪ್ರತಿ ಹೆಜ್ಜೆಯೂ ಆ ಮಾತನ್ನು ನಿಜ ಮಾಡುವುದಕ್ಕಾಗಿಯೇ ಇದೆ.

ಶುರು ಮಾಡುವ ಮೊದಲು: ಏನನ್ನು ಅಳೆಯುತ್ತಿದ್ದೇವೆ?

ಲೋಹ ಬಾಗುವುದು, ಉದ್ದವಾಗುವುದು ಅದರೊಳಗಿನ ಡಿಸ್‌ಲೊಕೇಶನ್‌ಗಳು ಸರಿಯುವುದರಿಂದ. ಕಂಬಳಿಹುಳು ಇಡೀ ಮೈಯನ್ನು ಒಮ್ಮೆಗೇ ಎತ್ತಿ ಮುಂದಿಡುವುದಿಲ್ಲ, ಒಂದು ಗೂನನ್ನು ಬಾಲದಿಂದ ತಲೆಯವರೆಗೆ ಸಾಗಿಸುತ್ತದೆ. ಹರಳಿನೊಳಗೆ ಆ ಗೂನಿನ ಕೆಲಸ ಮಾಡುವ ದೋಷದ ಗೆರೆಯೇ ಡಿಸ್‌ಲೊಕೇಶನ್. ದಾರಿಯಲ್ಲಿ ಅದಕ್ಕೆ ಅಡ್ಡಿಗಳಿವೆ: ಬೆರಕೆ ಪರಮಾಣುಗಳು, ಅಡ್ಡ ಹಾಯುವ ಬೇರೆ ಡಿಸ್‌ಲೊಕೇಶನ್‌ಗಳು. ಅವುಗಳ ನಡುವೆ ಓಡುವಾಗ ಜಿಗುಟಾದ ತಡೆಯೂ ಇದೆ. ಕೋಣೆಯ ತಾಪಮಾನದಲ್ಲಿ ಆ ತಡೆ ಬಹುಪಾಲು ಹರಳಿನ ಕಂಪನಗಳಿಂದ, ಅಂದರೆ ಫೋನಾನ್‌ಗಳಿಂದ ಬರುತ್ತದೆ. 4 ಕೆಲ್ವಿನ್‌ಗೆ ಇಳಿದಾಗ ಫೋನಾನ್‌ಗಳು ಹೆಚ್ಚೂಕಡಿಮೆ ಅಡಗಿರುತ್ತವೆ. ಉಳಿಯುವುದು ಎಲೆಕ್ಟ್ರಾನ್‌ಗಳ ತಡೆ.

ಅತಿವಾಹಕ ಸ್ಥಿತಿಯಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗುತ್ತವೆ, ಜೋಡಿ ಮುರಿಯಲು ಶಕ್ತಿಯ ಅಂತರವೊಂದನ್ನು ದಾಟಬೇಕು ಎಂದು ಬಾರ್ಡೀನ್, ಕೂಪರ್, ಶ್ರೀಫರ್ 1957ರಲ್ಲಿ ತೋರಿಸಿದರು. ಜೋಡಿಯಾದವು ಡಿಸ್‌ಲೊಕೇಶನ್‌ಗೆ ಅಡ್ಡ ಬರುವುದಿಲ್ಲ. 4.2 ಕೆಲ್ವಿನ್‌ನ ಸೀಸಕ್ಕೆ ಸರಳ ಲೆಕ್ಕ ಹಾಕಿದರೆ ಎಲೆಕ್ಟ್ರಾನ್ ತಡೆ ಹದಿನೈದರಲ್ಲಿ ಒಂದು ಪಾಲಿನ ಆಸುಪಾಸಿಗೆ ಕುಸಿಯುತ್ತದೆ.

1968ರಲ್ಲಿ ಜಪಾನಿನ ಕೊಜಿಮಾ ಮತ್ತು ಸುಝುಕಿ ನಿಯೋಬಿಯಂ, ಸೀಸಗಳಲ್ಲಿ ಈ ಮೆಟ್ಟಿಲನ್ನು ವರದಿ ಮಾಡಿದರು. ಹೆಚ್ಚುಕಡಿಮೆ ಅದೇ ಸಮಯಕ್ಕೆ ಉಕ್ರೇನಿನ ಖಾರ್ಕಿವ್‌ನಲ್ಲಿ ಪುಸ್ತೊವಾಲೊವ್, ಸ್ಟಾರ್ಟ್ಸೆವ್, ಫೊಮೆಂಕೊ ಸ್ವತಂತ್ರವಾಗಿ ಇದನ್ನೇ ಕಂಡರು. ಆಗ ಇದು ಅಚ್ಚರಿ ಹುಟ್ಟಿಸಿದ್ದಕ್ಕೆ ಕಾರಣವಿದೆ. ನಿಧಾನವಾಗಿ ಎಳೆಯುವಾಗ ಡಿಸ್‌ಲೊಕೇಶನ್ ಹೆಚ್ಚಿನ ಸಮಯ ಅಡ್ಡಿಯ ಮುಂದೆ ಕಾಯುತ್ತಾ ನಿಂತಿರುತ್ತದೆ. ನಿಂತದ್ದಕ್ಕೆ ಜಿಗುಟು ತಡೆಯಿಂದ ಏನಾಗಬೇಕು?

ಇದಕ್ಕೆ ಭೌತವಿಜ್ಞಾನಿ ಗ್ರನಾಟೊ 1971ರಲ್ಲಿ ಕೊಟ್ಟ ವಿವರಣೆ ನನಗೆ ಬಹಳ ಇಷ್ಟ. ಸೈಕಲ್ಲಿನಲ್ಲಿ ಬರುತ್ತಾ ರಸ್ತೆಯ ಉಬ್ಬೊಂದನ್ನು ಹತ್ತಬೇಕೆಂದುಕೊಳ್ಳಿ. ಉಬ್ಬಿನ ಹಿಂದೆ ಕೆಸರಿದ್ದರೆ ವೇಗವೆಲ್ಲ ಅಲ್ಲೇ ಸತ್ತು, ಬುಡದಿಂದ ಪೂರಾ ತುಳಿದೇ ಹತ್ತಬೇಕು. ಟಾರು ರಸ್ತೆಯಿದ್ದರೆ ಬಂದ ಓಟವೇ ಅರ್ಧ ಹತ್ತಿಸುತ್ತದೆ. ಉಬ್ಬಿನ ಎತ್ತರ ಎರಡರಲ್ಲೂ ಒಂದೇ. ಹಾಗೆಯೇ ತಡೆ ತಗ್ಗಿದಾಗ ಒಂದು ಅಡ್ಡಿಯಿಂದ ಬಿಡಿಸಿಕೊಂಡ ಡಿಸ್‌ಲೊಕೇಶನ್ ಜಡತ್ವದ ಬಲದಿಂದ ಮುಂದಿನ ಅಡ್ಡಿಯ ಮೇಲೆ ತೂಗಿ ಹಾಯುತ್ತದೆ. ಯಂತ್ರ ಅಷ್ಟರಮಟ್ಟಿಗೆ ಕಡಿಮೆ ಬಲ ಹಾಕಿದರೆ ಸಾಕು.

ಲೋಹದ ಸ್ಥಿತಿಸ್ಥಾಪಕತ್ವ ಬದಲಾಗಿದ್ದರಿಂದ ಹೀಗಾಯಿತೇ ಎಂದು ಕೇಳುವವರಿದ್ದಾರೆ. ಅತಿವಾಹಕವಾಗುವಾಗ ಎಲಾಸ್ಟಿಕ್ ಗುಣಾಂಕಗಳು ಬದಲಾಗುವುದು ಲಕ್ಷದಲ್ಲಿ ಒಂದು ಪಾಲಿನ ಮಟ್ಟದಲ್ಲಿ. ನಾವು ಹುಡುಕುತ್ತಿರುವ ಮೆಟ್ಟಿಲು ಶೇಕಡಾ ಒಂದರ ಮಟ್ಟದ್ದು, ಕೆಲವೊಮ್ಮೆ ಹಲವು ಶೇಕಡಾ.

ಸೀಸವನ್ನೇ ಆರಿಸಲು ಕಾರಣ

ಸೀಸ 7.2 ಕೆಲ್ವಿನ್‌ನಲ್ಲೇ ಅತಿವಾಹಕ. ಹಾಗಾಗಿ ಮಾಮೂಲಿ ಹೀಲಿಯಂ ತೊಟ್ಟಿ ಸಾಕು, ತಾಪಮಾನ ಇನ್ನೂ ಇಳಿಸಲು ಅದರ ಆವಿಯನ್ನು ಪಂಪ್ ಮಾಡಲೇಬೇಕೆಂದಿಲ್ಲ. ತವರಕ್ಕೆ 3.72, ಇಂಡಿಯಂಗೆ 3.41 ಕೆಲ್ವಿನ್‌ವರೆಗೆ ಇಳಿಯಬೇಕು. ಅಲ್ಯುಮಿನಿಯಂಗೆ 1.18; ಅದು ಬೇರೆಯೇ ಮಟ್ಟದ ಕೆಲಸ. ನಿಯೋಬಿಯಂ 9.2 ಕೆಲ್ವಿನ್‌ನಲ್ಲಿ ಅತಿವಾಹಕವಾದರೂ ಅದಕ್ಕೆ ಅದರದೇ ತಕರಾರುಗಳಿವೆ, ಮುಂದೆ ಹೇಳುತ್ತೇನೆ.

ಸೀಸದ ಇನ್ನೊಂದು ಗುಣ ಹೊಸಬರಿಗೆ ಸಾಮಾನ್ಯವಾಗಿ ಹೊಳೆದಿರುವುದಿಲ್ಲ. ಅದು ಕರಗುವುದು 600 ಕೆಲ್ವಿನ್‌ನಲ್ಲಿ. ನಮ್ಮ ಕೋಣೆ 300 ಕೆಲ್ವಿನ್. ಅಂದರೆ ಮೇಜಿನ ಮೇಲಿಟ್ಟ ಸೀಸ ತನ್ನ ಕರಗುವ ಬಿಂದುವಿನ ಅರ್ಧಕ್ಕೆ ಆಗಲೇ ಬಿಸಿಯಾಗಿದೆ. ಅದಕ್ಕೇ ಅದು ತಟ್ಟಿದರೆ ದಬ್ ಎನ್ನುತ್ತದೆ, ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಸೀಸದ ಸಣ್ಣ ಗಂಟೆಯೊಂದನ್ನು ದ್ರವ ಸಾರಜನಕದಲ್ಲಿ ಅದ್ದಿ ತೆಗೆದು ಬಡಿದು ನೋಡಿ: ಕಂಚಿನಂತೆ ಠಣ್ ಎಂದು ನಾದ ಬರುತ್ತದೆ, ಬೆಚ್ಚಗಾಗುತ್ತಾ ಹೋದಂತೆ ನಾದ ಮಂಕಾಗಿ ಮತ್ತೆ ದಬ್ ಆಗುತ್ತದೆ. ಪ್ರಯೋಗ ಶುರು ಮಾಡುವ ದಿನ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಇದನ್ನೇ. ನಾವು ಎಳೆಯಲಿರುವುದು ಮೇಜಿನ ಮೇಲಿನ ಸೀಸವನ್ನಲ್ಲ, ಆ ಠಣ್ ಎನ್ನುವ ಸೀಸವನ್ನು ಎಂದು ಕಿವಿಗೇ ಗೊತ್ತಾಗುತ್ತದೆ. ತಣ್ಣಗಾದರೂ ಅದು ಗಾಜಿನಂತೆ ಒಡೆಯುವುದಿಲ್ಲ ಎಂಬುದು ನಮ್ಮ ಅದೃಷ್ಟ. 4 ಕೆಲ್ವಿನ್‌ನಲ್ಲೂ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ.

ಹೆಜ್ಜೆ 1: ಕಡ್ಡಿ

99.999 ಶೇಕಡಾ ಶುದ್ಧ ಸೀಸ ತರಿಸಿ. ಲ್ಯಾಬ್ ಭಾಷೆಯಲ್ಲಿ ‘ಫೈವ್ ನೈನ್’. ಗ್ರಾಫೈಟ್ ಅಚ್ಚಿನಲ್ಲಿ, ನಿರ್ವಾತದಲ್ಲಿ ಅಥವಾ ಆರ್ಗಾನ್‌ನಲ್ಲಿ ಕರಗಿಸಿ, ಒಂದು ತುದಿಯಿಂದ ನಿಧಾನವಾಗಿ ಗಟ್ಟಿಯಾಗಲು ಬಿಟ್ಟರೆ ಏಕಹರಳು, ಅಂದರೆ ಇಡೀ ಕಡ್ಡಿಯೇ ಒಂದು ಹರಳು, ಸಿಗುತ್ತದೆ. ಗ್ರಾಫೈಟ್‌ಗೆ ಸೀಸ ಅಂಟುವುದಿಲ್ಲ. ಏಕಹರಳು ಕಷ್ಟವೆನಿಸಿದರೆ ಬಹುಹರಳಿನ ಕಡ್ಡಿಯಲ್ಲೂ ಮೆಟ್ಟಿಲು ಕಾಣುತ್ತದೆ, ಬರೀ ಲೆಕ್ಕ ಸ್ವಲ್ಪ ಮಸುಕಾಗುತ್ತದೆ.

ಅಳತೆ: ಎಳೆಯುವ ಭಾಗ 30 ಮಿ.ಮೀ. ಉದ್ದ, 3 ಮಿ.ಮೀ. ಚೌಕ, ಎರಡು ತುದಿಗೆ ದಪ್ಪ ತಲೆ. ತಲೆಗಳನ್ನು ಅಚ್ಚಿನಲ್ಲೇ ಎರಕ ಹೊಯ್ಯಿರಿ. ಆಮೇಲೆ ಕೆತ್ತಿ ತೆಗೆಯಲು ಹೋದರೆ ಕೆತ್ತುವ ಒತ್ತಡಕ್ಕೇ ಕಡ್ಡಿ ಕೆಡುತ್ತದೆ.

ಕಡ್ಡಿಯನ್ನು ಬೆರಳುಗಳಿಂದ ನಡುವೆ ಹಿಡಿಯಲೇಬೇಡಿ. ಶುದ್ಧ ಸೀಸದ ಏಕಹರಳು ಎಷ್ಟು ಮೆತ್ತಗೆಂದರೆ, ಒಂದು ತುದಿ ಹಿಡಿದು ಎತ್ತಿದರೆ ಇನ್ನೊಂದು ತುದಿ ಸದ್ದಿಲ್ಲದೆ ಬಾಗಿರುತ್ತದೆ. ಕಣ್ಣಿಗೆ ನೆಟ್ಟಗೆ ಕಾಣುತ್ತದೆ, ಗ್ರಾಫಿನಲ್ಲಿ ಗುಟ್ಟು ಹೊರಬೀಳುತ್ತದೆ. ಉದ್ದಕ್ಕೆ ತೋಡು ಕೊರೆದ ಮರದ ತುಂಡೊಂದನ್ನು ಮಾಡಿಸಿಕೊಂಡು, ಕಡ್ಡಿಯನ್ನು ಸದಾ ಅದರ ಮೇಲೇ ಮಲಗಿಸಿ ಸಾಗಿಸಿ.

ಪಾಲಿಶ್‌ಗೆ ನಾಲ್ಕು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ, ಒಂದು ಪಾಲು 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಫ್ಯೂಮ್ ಹುಡ್‌ನೊಳಗೆ, ಕೈಗವಸು ಹಾಕಿ. ಕೆಲವೇ ಸೆಕೆಂಡುಗಳಲ್ಲಿ ಬೂದು ಸಿಪ್ಪೆ ಹೋಗಿ, ನೀಲಿ ಛಾಯೆಯ ಕನ್ನಡಿಯಂಥ ಮೈ ಏಳುತ್ತದೆ. ನೀರಿನಲ್ಲಿ, ಆಮೇಲೆ ಆಲ್ಕೋಹಾಲ್‌ನಲ್ಲಿ ತೊಳೆದು ತಕ್ಷಣ ಕ್ರಯೋಸ್ಟ್ಯಾಟ್‌ಗೆ, ಅಂದರೆ ಹೀಲಿಯಂ ತೊಟ್ಟಿಯಿರುವ ಶೀತಪಾತ್ರೆಗೆ. ಗಾಳಿಯಲ್ಲಿ ಬಿಟ್ಟರೆ ಆ ಹೊಳಪು ನೋಡನೋಡುತ್ತ ಮಾಸುತ್ತದೆ. ಉಳಿದ ದ್ರಾವಣದಲ್ಲಿ ಸೀಸದ ಅಸಿಟೇಟ್ ಇರುತ್ತದೆ, ಅದು ವಿಷ. ಸಿಂಕಿಗೆ ಸುರಿಯದೆ ಸೀಸದ ತ್ಯಾಜ್ಯದ ಡಬ್ಬಿಗೆ ಹಾಕಿ. ಕೈ ತೊಳೆಯದೆ ಚಹಾ ಕುಡಿಯಬೇಡಿ.

ಹೆಜ್ಜೆ 2: ಗ್ರಿಪ್, ಮತ್ತು ಕುಗ್ಗುವಿಕೆಯ ಬಲೆ

ಎಳೆಯುವ ಸಲಾಕೆ, ಅದರ ಪ್ರತಿಬಲ ಹೊರುವ ಕೊಳವೆ ಎರಡನ್ನೂ ತೆಳುವಾದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿ. 304 ಬೇಡ: ತಣ್ಣಗೆ ಎಳೆದಾಗ ಅದರ ಒಂದಿಷ್ಟು ಭಾಗ ಮಾರ್ಟೆನ್ಸೈಟ್ ಎಂಬ ಬೇರೆ ಹರಳು ರೂಪಕ್ಕೆ ತಿರುಗಿ ಅಯಸ್ಕಾಂತಕ್ಕೆ ಅಂಟುವಂತಾಗುತ್ತದೆ. ಸುರುಳಿಯ ಕ್ಷೇತ್ರ ಬಂದಾಗ ಅದೇ ಒಂದು ಎಳೆತ ಕೊಟ್ಟು ಸುಳ್ಳು ಮೆಟ್ಟಿಲು ತೋರಿಸೀತು. ಕಡ್ಡಿಯ ತಲೆಗಳನ್ನು ಹಿಡಿಯುವ ಗ್ರಿಪ್‌ಗಳಿಗೆ ಬೆರಿಲಿಯಂ ತಾಮ್ರ ಒಳ್ಳೆಯದು. ಬಲ ಅಳೆಯುವ ಲೋಡ್ ಸೆಲ್ ಮೇಲ್ಗಡೆ, ಕೋಣೆಯ ತಾಪಮಾನದಲ್ಲೇ ಇರಲಿ.

ಈಗ ಬಲೆಯ ವಿಷಯ. ಕೋಣೆಯಿಂದ 4 ಕೆಲ್ವಿನ್‌ವರೆಗೆ ತಣಿದರೆ ಸೀಸ ಸುಮಾರು 0.7 ಶೇಕಡಾ ಕುಗ್ಗುತ್ತದೆ, ಸ್ಟೀಲು ಸುಮಾರು 0.3. ಕಡ್ಡಿಯನ್ನು ಎರಡೂ ತುದಿಗೆ ಬಿಗಿದು ತಣಿಸಿದರೆ, ಯಂತ್ರ ಶುರುವಾಗುವ ಮುಂಚೆಯೇ ಅದು 0.4 ಶೇಕಡಾ, ಅಂದರೆ ನಮ್ಮ 30 ಮಿ.ಮೀ. ಕಡ್ಡಿ 0.12 ಮಿ.ಮೀ., ಎಳೆಸಿಕೊಂಡಿರುತ್ತದೆ. ಸೀಸಕ್ಕೆ ಅದು ಧಾರಾಳ ಹಿಗ್ಗು. ಅದೂ ಯಾವ ತಾಪಮಾನದಲ್ಲಿ ಎಷ್ಟು ಹಿಗ್ಗಿತೆಂಬ ಲೆಕ್ಕವೇ ಇರುವುದಿಲ್ಲ. ಹಾಗಾಗಿ ಕೆಳಗಿನ ಗ್ರಿಪ್‌ನಲ್ಲಿ ಅರ್ಧ ಮಿ.ಮೀ. ಸಡಿಲ ಬಿಡಿ. ತಣಿದಾದ ಮೇಲೆ ಸಲಾಕೆಯನ್ನು ಮೆಲ್ಲಗೆ ಎತ್ತುತ್ತಾ, ಲೋಡ್ ಸೆಲ್ ಮೊದಲ ಬಾರಿ ಮಿಸುಕಿದ ಕ್ಷಣವನ್ನೇ ಸೊನ್ನೆ ಎಂದು ಬರೆದುಕೊಳ್ಳಿ.

ಹೆಜ್ಜೆ 3: ಸುರುಳಿ

ಸೀಸವನ್ನು ಸಾಮಾನ್ಯ ಸ್ಥಿತಿಗೆ ತರಲು ಬೇಕಾದ ಕ್ರಿಟಿಕಲ್ ಕ್ಷೇತ್ರ ಸೊನ್ನೆ ಕೆಲ್ವಿನ್‌ನಲ್ಲಿ 80.3 ಮಿಲಿಟೆಸ್ಲಾ. ಬೇರೆ ತಾಪಮಾನಕ್ಕೆ: ತಾಪಮಾನವನ್ನು 7.2ರಿಂದ ಭಾಗಿಸಿ, ವರ್ಗ ಮಾಡಿ, ಒಂದರಿಂದ ಕಳೆದು, 80.3ರಿಂದ ಗುಣಿಸಿ. 4.2 ಕೆಲ್ವಿನ್‌ಗೆ 53 ಮಿಲಿಟೆಸ್ಲಾ ಬರುತ್ತದೆ. ಸುರುಳಿ 100 ಮಿಲಿಟೆಸ್ಲಾ ಕೊಡುವಂತಿದ್ದರೆ ನೆಮ್ಮದಿ. ಸೆಂಟಿಮೀಟರಿಗೆ 80 ಸುತ್ತು, 10 ಆಂಪಿಯರ್: ಅರ್ಧ ಮಿ.ಮೀ. ತಂತಿಯ ನಾಲ್ಕು ಪದರ.

ತಂತಿ ನಿಯೋಬಿಯಂ-ಟೈಟಾನಿಯಂ ಆಗಿರಲಿ, ಅದೂ ಅತಿವಾಹಕ. ತಾಮ್ರದ ಸುರುಳಿ ಹೀಲಿಯಂನೊಳಗೆ ಬಿಸಿಯಾಗಿ ಗುಳ್ಳೆ ಎಬ್ಬಿಸುತ್ತದೆ, ಮಟ್ಟ ಇಳಿಸುತ್ತದೆ. ಒಂದು ವಾಟ್ ಶಾಖ ಗಂಟೆಗೆ ಸುಮಾರು 1.4 ಲೀಟರ್ ಹೀಲಿಯಂ ಆವಿ ಮಾಡುತ್ತದೆ. ಕ್ಷೇತ್ರದ ದಿಕ್ಕು ಕಡ್ಡಿಯ ಉದ್ದಕ್ಕೇ ಇರಬೇಕು. ಅಡ್ಡ ಇದ್ದರೆ ಕಡ್ಡಿಯ ಆಕಾರದಿಂದಾಗಿ ಕ್ಷೇತ್ರ ಅಲ್ಲಲ್ಲಿ ಬೇಗ ನುಗ್ಗಿ, ಅರ್ಧ ಅತಿವಾಹಕ ಅರ್ಧ ಸಾಮಾನ್ಯ ಎಂಬ ಪಟ್ಟೆಪಟ್ಟೆ ಸ್ಥಿತಿ ಬಹಳ ಹೊತ್ತು ಉಳಿಯುತ್ತದೆ.

ಕಡ್ಡಿಗೆ ತಾಗದಂತೆ, ಸುರುಳಿಯ ಒಳಗೆ, ಕೂದಲೆಳೆಯಂಥ ತಾಮ್ರದ ತಂತಿಯಲ್ಲಿ ಇನ್ನೂರು ಮುನ್ನೂರು ಸುತ್ತಿನ ಪಿಕಪ್ ಸುರುಳಿಯೊಂದನ್ನು ಸುತ್ತಿಡಿ. ಕಡ್ಡಿಯೊಳಗೆ ಕ್ಷೇತ್ರ ನುಗ್ಗಿತೇ, ಹೊರಬಿತ್ತೇ ಎಂದು ಹೇಳುವ ಸಾಕ್ಷಿ ಅದೊಂದೇ. ಅದಿಲ್ಲದೆ ಮಾಡಿದ ಅಳತೆಯನ್ನು ನಾನು ನಂಬುವುದಿಲ್ಲ.

ಹೆಜ್ಜೆ 4: ತಣಿಸುವುದು

ಮೊದಲು ಸುರಕ್ಷತೆ. ಒಂದು ಲೀಟರ್ ದ್ರವ ಹೀಲಿಯಂ ಆವಿಯಾಗಿ ಕೋಣೆಯ ತಾಪಮಾನಕ್ಕೆ ಬಂದರೆ 700 ಲೀಟರಿಗೂ ಹೆಚ್ಚು ಅನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೋಣೆಯ ಆಮ್ಲಜನಕವನ್ನು ಸದ್ದಿಲ್ಲದೆ ತಳ್ಳಿಬಿಡುತ್ತದೆ. ಆಮ್ಲಜನಕ ಮಾನಿಟರ್ ಇಲ್ಲದ ಕೋಣೆಯಲ್ಲಿ ಕೆಲಸ ಮಾಡಬೇಡಿ, ಒಬ್ಬರೇ ಮಾಡಬೇಡಿ. ಕ್ರಯೋಸ್ಟ್ಯಾಟ್‌ನ ಸೇಫ್ಟಿ ವಾಲ್ವ್ ಮಂಜಿನಿಂದ ಕಟ್ಟಿಕೊಂಡಿಲ್ಲವೇ ಎಂದು ಪ್ರತಿ ಸಲ ನೋಡಿ.

ದ್ರವ ಸಾರಜನಕದಿಂದ 77 ಕೆಲ್ವಿನ್‌ವರೆಗೆ ಮೊದಲು ತಣಿಸಿ. ಹೀಲಿಯಂನ ಆವಿಯಾಗುವ ಶಾಖವೊಂದನ್ನೇ ನೆಚ್ಚಿದರೆ ಒಂದು ಕಿಲೋ ತಾಮ್ರವನ್ನು ಕೋಣೆಯಿಂದ 4 ಕೆಲ್ವಿನ್‌ಗೆ ಇಳಿಸಲು ಸುಮಾರು 30 ಲೀಟರ್ ಬೇಕು. 77ರಿಂದ ಇಳಿಸಲು ಸುಮಾರು 2 ಲೀಟರ್. ನಮ್ಮ ಬಜೆಟ್‌ಗಳಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಆಮೇಲೆ ಸಾರಜನಕವನ್ನು ಪೂರ್ತಿ, ಕೊನೆಯ ಹನಿಯವರೆಗೆ ಹೊರಗೆ ತಳ್ಳಬೇಕು. ಹಿಂದೆ ನಾನಿದ್ದ ಲ್ಯಾಬೊಂದರಲ್ಲಿ ಸಂಜೆಯ ಅವಸರದಲ್ಲಿ ತಳದಲ್ಲಿ ಎರಡು ಬೆರಳಷ್ಟು ಸಾರಜನಕ ಉಳಿದುಹೋಯಿತು. ಹೀಲಿಯಂ ಬಿಟ್ಟಂತೆ ಅದು ಗಟ್ಟಿಯಾಗಿ ಕೂತು, ಬಂದ ಹೀಲಿಯಂ ಎಲ್ಲವನ್ನೂ ಕುಡಿಯುತ್ತಾ ಹೋಯಿತು. ಹೀಲಿಯಂ ತಂದಿದ್ದ ಡೀವಾರ್ (ಥರ್ಮಾಸಿನಂಥ ಪಾತ್ರೆ) ಖಾಲಿಯಾಯಿತು, ತೊಟ್ಟಿಯಲ್ಲಿ ಮಟ್ಟ ಏರಲೇ ಇಲ್ಲ. ಆ ಹೀಲಿಯಂಗಾಗಿ ಮೂರು ವಾರ ಕಾದಿದ್ದೆವು. ಅಂದಿನಿಂದ ನನ್ನ ನಿಯಮ: ಒಣ ಹೀಲಿಯಂ ಅನಿಲದಿಂದ ತಳ್ಳಿ, ತಳದ ಥರ್ಮಾಮೀಟರ್ 77 ಬಿಟ್ಟು 80 ದಾಟಿದ ಮೇಲೆ, ಒಮ್ಮೆ ನಿರ್ವಾತ ಮಾಡಿ, ಮತ್ತೆ ಹೀಲಿಯಂ ಅನಿಲ ತುಂಬಿ, ಆಮೇಲೆಯೇ ದ್ರವ. ತಳದಲ್ಲಿ ಹನಿ ಇರುವವರೆಗೆ ಥರ್ಮಾಮೀಟರ್ 77ನ್ನು ಬಿಟ್ಟು ಕದಲುವುದಿಲ್ಲ. ಅದನ್ನು ನಂಬಿ, ಗಡಿಯಾರವನ್ನು ನಂಬಬೇಡಿ.

ನಮ್ಮವರಿಗೆ ಒಂದು ಕಿವಿಮಾತು. ಹೀಲಿಯಂ 4.2 ಕೆಲ್ವಿನ್‌ನಲ್ಲಿ ಕುದಿಯುತ್ತದೆ ಎನ್ನುವುದು ಸಮುದ್ರಮಟ್ಟದ ಮಾತು. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹೀಲಿಯಂ ತಂದು ಊರೊಳಗೇ ತೆರೆದ ಒತ್ತಡದಲ್ಲಿ ಕೆಲಸ ಮಾಡಿದರೆ ತೊಟ್ಟಿ ಸುಮಾರು 4.1 ಕೆಲ್ವಿನ್‌ನಲ್ಲಿರುತ್ತದೆ, ಸೀಸದ ಕ್ರಿಟಿಕಲ್ ಕ್ಷೇತ್ರ 54 ಮಿಲಿಟೆಸ್ಲಾ ದಾಟುತ್ತದೆ. ಆವಿಯಾದ ಹೀಲಿಯಂ ಮರಳಿ ಸಂಗ್ರಹಿಸುವ ರಿಕವರಿ ಲೈನಿನ ಒತ್ತಡವನ್ನೂ ಸೇರಿಸಿ ಲೆಕ್ಕ ಹಾಕಿ.

ಹೆಜ್ಜೆ 5: ಎಳೆತ ಮತ್ತು ಸ್ವಿಚ್

ವೇಗ ಸೆಕೆಂಡಿಗೆ ಕಡ್ಡಿಯ ಉದ್ದದ ಹತ್ತು ಸಾವಿರದಲ್ಲಿ ಒಂದು ಪಾಲು, 30 ಮಿ.ಮೀ. ಕಡ್ಡಿಗೆ ನಿಮಿಷಕ್ಕೆ 0.18 ಮಿ.ಮೀ. ಮೊದಲ ಎರಡು ಮೂರು ಶೇಕಡಾ ಹಿಗ್ಗುವವರೆಗೆ ಸುಮ್ಮನೆ ನೋಡುತ್ತಿರಿ. ಶುದ್ಧ ಸೀಸ ಶುರುವಿನಲ್ಲಿ ಬಹಳ ಮೆತ್ತಗಿರುವುದರಿಂದ ಮೆಟ್ಟಿಲೂ ಕಣ್ಣಿಗೆ ಬೀಳದಷ್ಟು ಚಿಕ್ಕದು. ಹಿಗ್ಗುತ್ತಾ ಗಟ್ಟಿಯಾದಂತೆ ಮೆಟ್ಟಿಲೂ ದೊಡ್ಡದಾಗುತ್ತದೆ.

ಗೆರೆ ನುಣುಪಾಗಿ ಏರತೊಡಗಿದ ಮೇಲೆ ಕ್ಷೇತ್ರ ಹಾಕಿ. ಯಂತ್ರ ನಿಲ್ಲಿಸಬೇಡಿ. ಒಂದೆರಡು ನಿಮಿಷ ಸಾಮಾನ್ಯ ಸ್ಥಿತಿಯಲ್ಲಿ ಎಳೆಯಲಿ, ಕ್ಷೇತ್ರ ತೆಗೆಯಿರಿ, ಒಂದೆರಡು ನಿಮಿಷ ಅತಿವಾಹಕ ಸ್ಥಿತಿಯಲ್ಲಿ. ಹೀಗೆ ಹತ್ತು ಹದಿನೈದು ಸುತ್ತು. ಮೊದಲ ಮೆಟ್ಟಿಲು ಕಂಡಾಗ ಯಾರೂ ಸುಮ್ಮನೆ ಕೂರುವುದಿಲ್ಲ, ಕೂಡಲೇ ಮತ್ತೆ ಮತ್ತೆ ಸ್ವಿಚ್ ಒತ್ತಬೇಕೆನಿಸುತ್ತದೆ. ತಾಳ್ಮೆ ಇರಲಿ. ಪ್ರತಿ ಸ್ಥಿತಿಯಲ್ಲೂ ಗೆರೆ ನೆಟ್ಟಗಾಗುವಷ್ಟು ಸಮಯ ಕೊಟ್ಟರೇನೇ ಮೆಟ್ಟಿಲಿನ ಎತ್ತರ ಸರಿಯಾಗಿ ಓದಲು ಸಿಗುವುದು.

ಯಂತ್ರ ನಿಲ್ಲಿಸಿಯೂ ಒಮ್ಮೆ ನೋಡಿ. ಕ್ಷೇತ್ರ ಇರುವಾಗ ನಿಲ್ಲಿಸಿದರೆ ಲೋಡ್ ತಾನಾಗಿ ನಿಧಾನ, ಇನ್ನೂ ನಿಧಾನ ಎಂದು ಸಡಿಲುತ್ತಾ ಹೋಗಿ ನಿಂತಂತಾಗುತ್ತದೆ. ಆಗ ಕ್ಷೇತ್ರ ತೆಗೆಯಿರಿ. ಸುಸ್ತಾಗಿ ಕೂತಿದ್ದ ಕಡ್ಡಿ ಮತ್ತೆ ಚುರುಕಾಗಿ, ಲೋಡ್ ಇನ್ನೊಂದಿಷ್ಟು ಕುಸಿಯುತ್ತದೆ. ಅಡ್ಡಿಗಳ ಮುಂದೆ ಸಿಕ್ಕಿಕೊಂಡಿದ್ದ ಡಿಸ್‌ಲೊಕೇಶನ್‌ಗಳು ದಾಟಿದವು ಎಂದರ್ಥ.

ಹೆಜ್ಜೆ 6: ಮೆಟ್ಟಿಲನ್ನು ಅನುಮಾನಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದು. ಕ್ಷೇತ್ರ ಹಾಕಿದರೆ ಏನೇನೋ ಆಗಬಹುದು: ಗ್ರಿಪ್ ಎಳೆಯಬಹುದು, ಲೋಡ್ ಸೆಲ್‌ನ ತಂತಿಗಳು ಸಿಗ್ನಲ್ ಹಿಡಿಯಬಹುದು, ಕಡ್ಡಿ ಬಿಸಿಯಾಗಬಹುದು. ಒಂದೊಂದನ್ನೂ ಹೊರಗೆ ಹಾಕಬೇಕು.

ಯಂತ್ರವನ್ನು ಹಿಂದಕ್ಕೆ ಓಡಿಸಿ ಲೋಡನ್ನು ಕಾಲು ಭಾಗ ಇಳಿಸಿ. ಈಗ ಕಡ್ಡಿ ಶಾಶ್ವತವಾಗಿ ಹಿಗ್ಗುತ್ತಿಲ್ಲ, ಸ್ಪ್ರಿಂಗಿನಂತೆ ಬಿಗಿದು ನಿಂತಿದೆಯಷ್ಟೆ. ಸ್ವಿಚ್ ಹಾಕಿ, ತೆಗೆಯಿರಿ. ಗೆರೆ ಮಿಸುಕಬಾರದು. ಮಿಸುಕಿದರೆ ನಿಮ್ಮ ಮೆಟ್ಟಿಲಿನಲ್ಲಿ ಕಾಂತಬಲದ ಬೆರಕೆ ಇದೆ. ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ. ಸೀಸದ ಜಾಗದಲ್ಲಿ ಅದೇ ಅಳತೆಯ ತಾಮ್ರದ ಕಡ್ಡಿ ಎಳೆದೂ ನೋಡಿ. ತಾಮ್ರ ಅತಿವಾಹಕವಾಗುವುದಿಲ್ಲ, ಅಲ್ಲಿ ಮೆಟ್ಟಿಲು ಇರಕೂಡದು.

ಮುಂದಿನದು ನನ್ನ ಮೆಚ್ಚಿನ ಪರೀಕ್ಷೆ. ಎಳೆಯುತ್ತಲೇ ಕ್ಷೇತ್ರವನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. 20 ಮಿಲಿಟೆಸ್ಲಾದಲ್ಲಿ ಏನೂ ಇಲ್ಲ, 40ರಲ್ಲಿ ಏನೂ ಇಲ್ಲ. 50 ದಾಟಿ, ಪಿಕಪ್ ಸುರುಳಿ ಎಚ್ಚೆತ್ತ ಹೊತ್ತಿಗೆ ಲೋಡ್ ಏರುತ್ತದೆ. ಆಮೇಲೆ 100ರವರೆಗೆ ಒಯ್ದರೂ ಮತ್ತೇನೂ ಸೇರುವುದಿಲ್ಲ. ಈಗ ಹೀಲಿಯಂ ಮೇಲೆ ಪಂಪ್ ಹಾಕಿ 2.2 ಕೆಲ್ವಿನ್‌ಗೆ ಇಳಿಸಿ ಇದನ್ನೇ ಮಾಡಿ. ಹೊಸ್ತಿಲು 73 ಮಿಲಿಟೆಸ್ಲಾಗೆ ಸರಿದಿರುತ್ತದೆ. ಗ್ರಿಪ್‌ನ ಎಳೆತಕ್ಕಾಗಲಿ ತಂತಿಯ ಗದ್ದಲಕ್ಕಾಗಲಿ ಸೀಸದ ಕ್ರಿಟಿಕಲ್ ಕ್ಷೇತ್ರ ಎಷ್ಟೆಂದು ಗೊತ್ತಿರಲು ಸಾಧ್ಯವಿಲ್ಲ.

ಬಿಸಿಯ ಪ್ರಶ್ನೆ ಸ್ವಲ್ಪ ಸೂಕ್ಷ್ಮ. 4 ಕೆಲ್ವಿನ್‌ನಲ್ಲಿ ಸೀಸದ ವಿಶಿಷ್ಟೋಷ್ಣ ಕೋಣೆಯಲ್ಲಿರುವುದಕ್ಕಿಂತ ಸುಮಾರು ಇನ್ನೂರು ಪಟ್ಟು ಕಡಿಮೆ, ಹಾಗಾಗಿ ಚೂರು ಶಾಖವೂ ತಾಪಮಾನವನ್ನು ನೆಗೆಸುತ್ತದೆ. ಎಳೆತದ ಶಾಖ ಮಿಲಿವಾಟಿನ ಮೂರನೇ ಒಂದರಷ್ಟು. ಹೀಲಿಯಂ ಅದನ್ನು ಲೀಲಾಜಾಲವಾಗಿ ಒಯ್ಯುತ್ತದೆ. ಕ್ಷೇತ್ರ ಬದಲಾಗುವಾಗಿನ ಸುಳಿ ಪ್ರವಾಹಗಳು ಹಾಕುವಾಗಲೂ ಬಿಸಿ ಮಾಡುತ್ತವೆ, ತೆಗೆಯುವಾಗಲೂ ಬಿಸಿ ಮಾಡುತ್ತವೆ. ನಮ್ಮ ಮೆಟ್ಟಿಲು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಆದರೆ ಸ್ಥಿತಿ ಬದಲಾವಣೆಗೇ ಒಂದು ಗುಪ್ತೋಷ್ಣ ಇದೆ, ಅದು ಮಾತ್ರ ದಿಕ್ಕು ಬದಲಿಸುತ್ತದೆ: ಅತಿವಾಹಕವಾಗುವಾಗ ಶಾಖ ಹೊರಬರುತ್ತದೆ, ಸಾಮಾನ್ಯವಾಗುವಾಗ ಹೀರಿಕೊಳ್ಳುತ್ತದೆ. ಶಾಖ ಒಳಹೊರಗೆ ಹೋಗದಂತೆ ಕಡ್ಡಿ ಪೂರ್ತಿ ಒಂಟಿಯಾಗಿದ್ದರೆ 4.2ರಲ್ಲಿ ಇದು ಕೆಲ್ವಿನ್‌ನ ಮೂರನೇ ಒಂದರಷ್ಟು ಏರಿಳಿತ. ಅದರ ದಿಕ್ಕೂ ಮೆಟ್ಟಿಲಿನ ದಿಕ್ಕೂ ಹೊಂದುತ್ತವೆ, ಅದಕ್ಕೇ ಅಪಾಯ. ಬಿಡುಗಡೆಯಾಗುವ ಒಟ್ಟು ಶಾಖ ಒಂದು ಮಿಲಿಜೂಲಿಗಿಂತ ಕಡಿಮೆ, ತೊಟ್ಟಿಯಲ್ಲಿ ಕ್ಷಣದಲ್ಲಿ ಕರಗಿಹೋಗುತ್ತದೆ. ಮೆಟ್ಟಿಲು ಎರಡು ನಿಮಿಷವಾದರೂ ಹಾಗೇ ನಿಂತಿದ್ದರೆ ಅದು ಶಾಖದ ಕೆಲಸವಲ್ಲ. ಮೊದಲ ಒಂದೆರಡು ಸೆಕೆಂಡಿನ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎನ್ನುವುದೂ ಇದಕ್ಕೇ.

ಕೊನೆಗೆ ಹೀಲಿಯಂ ಮಟ್ಟವನ್ನು ಕಡ್ಡಿಯ ಕೆಳಗಿಳಿಸಿ, ತಣ್ಣನೆಯ ಅನಿಲದಲ್ಲಿ 7.5 ಕೆಲ್ವಿನ್‌ಗೆ ಬರಿಸಿ ಸ್ವಿಚ್ ಹಾಕಿ. ಮೆಟ್ಟಿಲು ಮಾಯವಾಗಿರಬೇಕು. ಇಲ್ಲಿ ಎಚ್ಚರ: ಸುರುಳಿಯ ತಂತಿಯೂ 9 ಕೆಲ್ವಿನ್ ಸುತ್ತ ಅತಿವಾಹಕತೆ ಕಳೆದುಕೊಳ್ಳುತ್ತದೆ. 60 ಮಿಲಿಟೆಸ್ಲಾ ಮೀರಬೇಡಿ.

ಹೆಜ್ಜೆ 7: ಓದುವುದು

ಮೆಟ್ಟಿಲಿನ ಮೊದಲಿನ ಗೆರೆಯನ್ನೂ ನಂತರದ ಗೆರೆಯನ್ನೂ ಸ್ವಿಚ್ ಕ್ಷಣದವರೆಗೆ ಚಾಚಿ, ನಡುವಿನ ಅಂತರ ಓದಿ. ಉದಾಹರಣೆಗೆ ಲೋಡ್ 90 ನ್ಯೂಟನ್, ಅಂತರ 1.8 ನ್ಯೂಟನ್, ಅಡ್ಡಕೊಯ್ತ 9 ಚದರ ಮಿ.ಮೀ. ಎಂದರೆ ಸ್ಟ್ರೆಸ್ 10 ಮೆಗಾಪಾಸ್ಕಲ್, ಬದಲಾವಣೆ 0.2, ಅಂದರೆ 2 ಶೇಕಡಾ. ಹಿಗ್ಗಿದಂತೆ ಕಡ್ಡಿ ಸಣ್ಣಗಾಗುವುದನ್ನು ಸೇರಿಸಲು ಮರೆಯಬೇಡಿ. ಲೋಡ್ ಸೆಲ್ 0.05 ನ್ಯೂಟನ್ ಗುರುತಿಸಬಲ್ಲದ್ದಾದರೆ ಸಾಕು.

ಬಹಳ ಎಳೆದ ಕಡ್ಡಿಯಲ್ಲಿ ಕ್ಷೇತ್ರ ತೆಗೆದ ಮೇಲೂ ಒಂದಿಷ್ಟು ಕಾಂತಫ್ಲಕ್ಸ್ ಒಳಗೇ ಸಿಕ್ಕಿಕೊಳ್ಳುತ್ತದೆ, ಕೆಳಗಿಳಿಯುವ ಮೆಟ್ಟಿಲು ಮೇಲೇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಪಿಕಪ್ ಸುರುಳಿ ಇದನ್ನು ಹೇಳಿಕೊಡುತ್ತದೆ. ಅಂಥ ಕಡ್ಡಿಯನ್ನು ಒಮ್ಮೆ 7.2 ಕೆಲ್ವಿನ್ ದಾಟಿಸಿ, ಕ್ಷೇತ್ರವಿಲ್ಲದೆ ಮತ್ತೆ ತಣಿಸಿ.

ನಿಯೋಬಿಯಂಗೆ ಹೋಗುವುದಾದರೆ

ಕಣ ವೇಗವರ್ಧಕಗಳಲ್ಲಿ ಕಣಗಳಿಗೆ ವೇಗ ಕೊಡುವ ಅತಿವಾಹಕ ಕ್ಯಾವಿಟಿಗಳು (ಟೊಳ್ಳು ಲೋಹದ ಪಾತ್ರೆಗಳು) ಹೆಚ್ಚಾಗಿ ನಿಯೋಬಿಯಂನವು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಅವನ್ನು ಇಲ್ಲೇ ತಯಾರಿಸಿದ್ದಾರೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವೇಗವರ್ಧಕದಲ್ಲಂತೂ ತಾಮ್ರದ ಮೇಲೆ ನಮ್ಮ ಸೀಸವನ್ನೇ ಲೇಪಿಸಿದ ಕ್ಯಾವಿಟಿಗಳಿವೆ. ಹಾಗಾಗಿ ನಿಯೋಬಿಯಂ ಎಳೆಯುವ ಆಸೆ ಸಹಜ. ಅದರ ಹರಳಿನ ರಚನೆ ಬೇರೆ. ತಣಿದಂತೆ ಅದರ ಬಲ ಹಲವು ಪಟ್ಟು ಏರುತ್ತದೆ, ಡಿಸ್‌ಲೊಕೇಶನ್ ಸರಿಯುವುದಕ್ಕೆ ಬದಲು ಹರಳಿನ ಪಟ್ಟಿಗಳು ಒಮ್ಮೆಗೇ ಮಗುಚಿಕೊಂಡು ಅವಳಿ ಹರಳಾಗುತ್ತವೆ, ಲೋಡ್ ಗರಗಸದಂತೆ ಹಲ್ಲುಹಲ್ಲಾಗುತ್ತದೆ. ತವರದ ಕಡ್ಡಿ ಬಗ್ಗಿಸಿದಾಗ ಕಿರ್ ಎಂದು ಕೇಳುವ ಸದ್ದು ಇದರ ದಾಯಾದಿ. ಆ ಹಲ್ಲುಗಳ ನಡುವೆ ಶೇಕಡಾ ಒಂದರ ಆಸುಪಾಸಿನ ಮೆಟ್ಟಿಲನ್ನು ಹುಡುಕಬೇಕು, ಸಾಮಾನ್ಯ ಸ್ಥಿತಿಗೆ ತರಲು ಟೆಸ್ಲಾದ ಮೂರನೇ ಒಂದರಷ್ಟು ಕ್ಷೇತ್ರವೂ ಬೇಕು. ಕರಗಿರುವ ಹೈಡ್ರೋಜನ್ ತೆಗೆಯಲು ನಿರ್ವಾತದಲ್ಲಿ 800 ಡಿಗ್ರಿ ಸೆಲ್ಸಿಯಸ್ ಸುತ್ತ ಕಾಯಿಸಿದ ಶುದ್ಧ ಮಾಲು ಇಲ್ಲದಿದ್ದರೆ ಶುರುವೇ ಮಾಡಬೇಡಿ. ಸೀಸದಲ್ಲಿ ಕೈ ಪಳಗಿದ ಮೇಲೆ ಸರಿ.

ಕಡ್ಡಿಯನ್ನು ಹೊರತೆಗೆಯುವಾಗ

ಸೀಸ ಕೋಣೆಯಲ್ಲಿ ಅರ್ಧ ಬಿಸಿಯಾದ ಲೋಹ ಎಂದೆನಲ್ಲ, ಅದು ಇಲ್ಲಿ ಮತ್ತೆ ಬರುತ್ತದೆ. 4 ಕೆಲ್ವಿನ್‌ನಲ್ಲಿ ಕಷ್ಟಪಟ್ಟು ತುಂಬಿದ ಡಿಸ್‌ಲೊಕೇಶನ್‌ಗಳು ಮೇಜಿನ ಮೇಲೆ ತಾವಾಗಿ ಕರಗಿ, ಕಡ್ಡಿ ತಾನು ಎಳೆಸಿಕೊಂಡದ್ದನ್ನೇ ಮರೆಯತೊಡಗುತ್ತದೆ. ಮೈಮೇಲಿನ ಜಾರುಗೆರೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದಿದ್ದರೆ, ಇಬ್ಬನಿ ಕೂರದಂತೆ ಒಣ ಅನಿಲದಲ್ಲಿ ಬೆಚ್ಚಗಾಗಿಸಿ, ಆಕ್ಸೈಡು ಕವಿಯುವ ಮುಂಚೆ ಅದೇ ಗಂಟೆಯಲ್ಲಿ ನೋಡಿ. ನಾಳೆ ಇದೇ ಕಡ್ಡಿಯನ್ನು ಮುಂದುವರಿಸಿ ಎಳೆಯುವುದಿದ್ದರೆ ಕ್ರಯೋಸ್ಟ್ಯಾಟ್‌ನಿಂದ ತೆಗೆಯಲೇಬೇಡಿ: ಹೀಲಿಯಂ ಮುಗಿಯುತ್ತಾ ಬಂದಾಗ ಹೊರಗಿನ ಜಾಕೆಟ್‌ಗೆ ಸಾರಜನಕ ತುಂಬಿ, ಗ್ರಿಪ್ ಸಡಿಲಿಸಿ, ರಾತ್ರಿಯಿಡೀ 77ರ ಹತ್ತಿರವೇ ಇರಿಸಿ. ಬೆಳಿಗ್ಗೆ ಜಾಕೆಟ್‌ನ ಮಟ್ಟ ನೋಡಿ, ಥರ್ಮಾಮೀಟರ್ ಓದಿ, ಹೀಲಿಯಂ ಬಿಡಿ.